ಎಂಜಿನಿಯರನ ವಿದ್ಯೆಯಲ್ಲಿ ಗಣಿತ

ಸೇತುವೆಗಳನ್ನೂ ಯಂತ್ರಗಳನ್ನೂ ವಿದ್ಯುದಾಗಾರಗಳನ್ನೂ ಕುರಿತು ಕಲಿಯುವ ಉತ್ಸಾಹದಿಂದ ಎಂಜಿನಿಯರಿಂಗ್ ಕಾಲೇಜನ್ನು ಸೇರಿದ ವಿದ್ಯಾರ್ಥಿಗಳಿಗೆ ಮೊದಲೆರಡು ವರ್ಷಗಳಲ್ಲಿ ಎದುರಾಗುವುದು ಅವಕಲ ಸಮೀಕರಣ, ಮಾತೃಕೆ, ಫೂರಿಯೆ ಶ್ರೇಣಿ, ಲಾಪ್ಲಾಸ್ ಪರಿವರ್ತನೆ ಮೊದಲಾದ ಗಣಿತದ ಪ್ರಕರಣಗಳು. ಕಟ್ಟುವ ಕೈಗೆ ಇಷ್ಟು ಗಣಿತವೇಕೆ ಎಂದು ಅವರಲ್ಲಿ ಅನೇಕರು ಕೇಳುತ್ತಾರೆ. ಈ ಪ್ರಶ್ನೆಯಾದರೋ ಇಂದು ನಿನ್ನೆಯದಲ್ಲ. ಇಂತಹ ವಿದ್ಯಾಶಾಲೆಗಳು ಹುಟ್ಟಿದಂದಿನಿಂದ ಅವುಗಳ ಬೆನ್ನು ಹತ್ತಿಯೇ ಬಂದಿದೆ. ಆದುದರಿಂದ ಇದರ ಉತ್ತರವನ್ನು ಆ ಶಾಲೆಗಳ ಇತಿಹಾಸದಲ್ಲಿಯೇ ಹುಡುಕುವುದು ಯುಕ್ತ.

ನಮ್ಮ ನಾಡಿನಲ್ಲಿ ಗಣಿತಕ್ಕೂ ನಿರ್ಮಾಣಕಾರ್ಯಕ್ಕೂ ನಂಟು ಹಳೆಯದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಖಾತವ್ಯವಹಾರವೆಂಬ ಅಧ್ಯಾಯವೇ ಇದ್ದು, ಅಗೆದ ಹಳ್ಳಗಳ ಘನಫಲವನ್ನೂ ಇಟ್ಟಿಗೆಯ ರಾಶಿಗಳ ಪ್ರಮಾಣವನ್ನೂ ಕಂಡುಹಿಡಿಯುವ ಬಗೆಯನ್ನು ಅದು ವಿವರಿಸುತ್ತದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿಯೇ ಬರೆದು ಈ ವಿದ್ಯೆಯನ್ನು ನಾಡನುಡಿಗೆ ತಂದನು. ಆದರೆ ಕೆರೆಗಳ ಏರಿಯನ್ನು ಕಟ್ಟಿದವರೂ ದೇಗುಲಗಳನ್ನು ಕಡೆದವರೂ ತಮ್ಮ ಕುಶಲತೆಯನ್ನು ಬಹುಮಟ್ಟಿಗೆ ವಂಶಪರಂಪರೆಯಿಂದಲೂ ಗುರುವಿನ ಕೈಕೆಳಗಿನ ದೀರ್ಘಾಭ್ಯಾಸದಿಂದಲೂ ಪಡೆಯುತ್ತಿದ್ದರು. ಮೊದಲು ಗಣಿತವನ್ನು ಕ್ರಮವಾಗಿ ಬೋಧಿಸಿ, ಅದರ ತಳಹದಿಯ ಮೇಲೆ ನಿರ್ಮಾಪಕನನ್ನು ಸಿದ್ಧಗೊಳಿಸುವ ಪದ್ಧತಿಯು ಈಚಿನ ಕಾಲದ್ದು. ಅದರ ಜನ್ಮಸ್ಥಾನ ಫ್ರಾನ್ಸ್ ದೇಶ.

1794ರಲ್ಲಿ, ಕ್ರಾಂತಿಯ ತರುವಾಯ ಸುತ್ತಲಿನ ರಾಜ್ಯಗಳೊಡನೆ ಯುದ್ಧದಲ್ಲಿ ತೊಡಗಿದ್ದ ಫ್ರೆಂಚ್ ಗಣರಾಜ್ಯಕ್ಕೆ ಕೋಟೆ, ರಸ್ತೆ, ಸೇತುವೆಗಳನ್ನು ನಿರ್ಮಿಸಬಲ್ಲ ತರುಣರ ಅಗತ್ಯ ತೀವ್ರವಾಗಿ ಒದಗಿದಾಗ, ಪ್ಯಾರಿಸಿನಲ್ಲಿ ಸ್ಥಾಪಿತವಾದ ವಿದ್ಯಾಲಯವು ಮರುವರ್ಷ ಎಕೋಲ್ ಪಾಲಿಟೆಕ್ನಿಕ್ ಎಂಬ ಹೆಸರನ್ನು ಪಡೆಯಿತು. ಅಲ್ಲಿ ಪಾಠ ಹೇಳಿದವರು ಮೋಂಜ್, ಲಗ್ರಾಂಜ್‌ರಂತಹ ಮಹಾಗಣಿತಜ್ಞರು. ಘನವಸ್ತುವಿನ ರೂಪವನ್ನು ಸಮತಲದ ಮೇಲೆ ಯಥಾಪ್ರಮಾಣವಾಗಿ ಚಿತ್ರಿಸುವ ರೇಖಾಗಣಿತವನ್ನು ಮೋಂಜ್ ತನ್ನ ಯೌವನದಲ್ಲಿ ಮೆಜಿಯೇರ್ ಎಂಬಲ್ಲಿನ ಸೈನಿಕ ಶಾಲೆಯಲ್ಲಿದ್ದಾಗ ರೂಪಿಸಿದ್ದನು. ಕೋಟೆಗಳ ವಿನ್ಯಾಸಕ್ಕೆ ಅದು ಎಷ್ಟು ಬೆಲೆಯುಳ್ಳದ್ದೆಂದು ಕಂಡ ಅಧಿಕಾರಿಗಳು ಅದನ್ನು ಬಹುಕಾಲ ಸೈನಿಕ ರಹಸ್ಯವಾಗಿ ಕಾಪಾಡಿದರು. ಇಂದು ನಮ್ಮ ಪ್ರಥಮ ವರ್ಷದ ವಿದ್ಯಾರ್ಥಿಗಳು ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಅಭ್ಯಾಸಮಾಡುವ ವಿಷಯದ ಮೂಲ ಅದೇ. ಪಾಲಿಟೆಕ್ನಿಕ್‌ನಲ್ಲಿ ಗಣಿತ, ಭೌತ, ರಸಾಯನಗಳ ಸಮಾನ ವ್ಯಾಸಂಗವನ್ನು ಮುಗಿಸಿದ ಮೇಲೆಯೇ ವಿದ್ಯಾರ್ಥಿಯು ಸೇತುವೆ, ಗಣಿ, ಫಿರಂಗಿ ಮೊದಲಾದ ವಿಶೇಷ ಶಾಲೆಗಳಿಗೆ ಹೋಗಬೇಕಾಗಿತ್ತು. ಮೊದಲು ಎಲ್ಲರಿಗೂ ಸಮಾನವಾದ ಶಾಸ್ತ್ರ, ಅನಂತರ ಅವರವರ ಶಾಖೆ ಎಂಬ ಕ್ರಮವು ಅಲ್ಲಿಂದ ಹೊರಟು ಲೋಕದಲ್ಲೆಲ್ಲ ಹರಡಿತು.

ಅದೇ 1794ರಲ್ಲಿ ಮದರಾಸಿನಲ್ಲಿಯೂ ಒಂದು ಶಾಲೆ ಆರಂಭವಾಯಿತು. ಈಸ್ಟ್ ಇಂಡಿಯಾ ಕಂಪನಿಯು ಮೈಕೇಲ್ ಟಾಪಿಂಗನ ಮೂಲಕ ತೆರೆದ ಆ ಸರ್ವೇ ಶಾಲೆಯ ಉದ್ದೇಶ, ಭೂಮಿಯನ್ನು ಅಳೆದು ನಕ್ಷೆ ಬರೆಯಬಲ್ಲ ಸಹಾಯಕರನ್ನು ತಯಾರಿಸುವುದಷ್ಟೇ; ಮುಂದೆ ಗಿಂಡಿಯ ಎಂಜಿನಿಯರಿಂಗ್ ಕಾಲೇಜಾಗಿ ಬೆಳೆದುದು ಅದೇ ಶಾಲೆ. ಗಂಗಾ ಕಾಲುವೆಯ ಮಹಾಕಾರ್ಯಕ್ಕೆ ಕೆಲಸಗಾರರು ಬೇಕಾದಾಗ 1847ರಲ್ಲಿ ರೂರ್ಕಿಯ ಕಾಲೇಜೂ, ಲೋಕೋಪಯೋಗಿ ಇಲಾಖೆಯ ಕೆಲಸ ಹೆಚ್ಚಿದಂತೆ 1854ರಲ್ಲಿ ಪುಣೆಯ ಶಾಲೆಯೂ 1856ರಲ್ಲಿ ಕಲ್ಕತ್ತೆಯ ಕಾಲೇಜೂ ಹುಟ್ಟಿದವು. ಇಲಾಖೆಯ ಉನ್ನತ ಪದವಿಗಳಿಗೆ ಬೇಕಾದವರನ್ನು ಇಂಗ್ಲೆಂಡಿನಲ್ಲಿಯೇ ತಯಾರಿಸಲು 1870ರ ದಶಕದ ಆರಂಭದಲ್ಲಿ ಕೂಪರ್ಸ್ ಹಿಲ್ ಎಂಬಲ್ಲಿ ಪ್ರತ್ಯೇಕ ಕಾಲೇಜೊಂದನ್ನು ತೆರೆದುದನ್ನು ನೆನೆದರೆ, ಆಳುವವರ ಮನಸ್ಸು ವಿಶದವಾಗುತ್ತದೆ. ಒಂದೇ ವರ್ಷದಲ್ಲಿ ಹುಟ್ಟಿದ ಎರಡು ಶಾಲೆಗಳಲ್ಲಿ ಪ್ಯಾರಿಸಿನದು ಯೋಜಿಸುವವರನ್ನೂ ಮದರಾಸಿನದು ಅಳೆಯುವವರನ್ನೂ ಬಯಸಿತು. ಎಷ್ಟು ಗಣಿತವನ್ನು ಕಲಿಸಬೇಕೆಂಬುದು, ಕಲಿತವರಿಂದ ಯಾವ ಕೆಲಸವನ್ನು ನಿರೀಕ್ಷಿಸಲಾಗಿದೆ ಎಂಬುದನ್ನೇ ಅವಲಂಬಿಸಿತ್ತು.

ಇನ್ನು ಆ ಗಣಿತವೇ ಎಲ್ಲಿಂದ ಬಂದಿತೆಂದು ವಿಚಾರಿಸಿದರೆ, ಪಠ್ಯಕ್ರಮದ ಅನೇಕ ಅಧ್ಯಾಯಗಳ ಹಿಂದೆ ಲೋಕದ ಒಂದೊಂದು ತೊಡಕು ಕಾಣುತ್ತದೆ. ಘನವಸ್ತುಗಳಲ್ಲಿ ಶಾಖವು ಹೇಗೆ ಹರಡುತ್ತದೆಂಬುದನ್ನು ಬಿಡಿಸಲು ಹೊರಟ ಫೂರಿಯೆಯು 1807ರಲ್ಲಿ ತನ್ನ ಶ್ರೇಣಿಗಳನ್ನು ಪಂಡಿತರ ಮುಂದಿಟ್ಟಾಗ ಲಗ್ರಾಂಜನೇ ಅವನ್ನು ಆಕ್ಷೇಪಿಸಿದನು; ಫೂರಿಯೆಯ ಗ್ರಂಥವು ಅಚ್ಚಾಗಲು 1822ರವರೆಗೆ ಕಾಯಬೇಕಾಯಿತು. ಪಾಲಿಟೆಕ್ನಿಕ್‌ನಲ್ಲಿ ಕೋಶಿಯು ಕಲನಶಾಸ್ತ್ರಕ್ಕೆ ಕಟ್ಟುನಿಟ್ಟಾದ ತಳಹದಿಯನ್ನು ಹಾಕುತ್ತ ಪಾಠಮಾಡಿದಾಗ, ಎಂಜಿನಿಯರರಾಗುವವರಿಗೆ ಇಷ್ಟು ಶುದ್ಧಗಣಿತ ಬೇಡ, ಪ್ರಯೋಗಗಳನ್ನು ಹೆಚ್ಚಿಸಬೇಕು ಎಂದು ಶಾಲೆಯ ಆಡಳಿತವೇ ಅವನನ್ನು ಒತ್ತಾಯಿಸಿತು. ವಿದ್ಯಾರ್ಥಿಗಳ ಇಂದಿನ ದೂರು ಅಂದೇ ಕೇಳಿಬಂದಿತ್ತು. ಆದರೂ ಆ ಪಾಠಗಳಿಂದ ಮೂಡಿದ 1821ರ ಗ್ರಂಥವು ಗಣಿತದ ಇತಿಹಾಸದಲ್ಲಿ ಶಾಶ್ವತವಾಗಿ ನಿಂತಿತು.

ಇವೆಲ್ಲಕ್ಕಿಂತ ಹೃದಯಂಗಮವಾದುದು ಆಲಿವರ್ ಹೆವಿಸೈಡನ ವೃತ್ತಾಂತ. ಹದಿನಾರರ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟು, ತಂತಿಯ ಕಚೇರಿಯಲ್ಲಿ ದುಡಿದು, ಗಣಿತವನ್ನು ಸ್ವಂತ ಪರಿಶ್ರಮದಿಂದ ಕಲಿತ ಈತನು, ಉದ್ದವಾದ ತಂತಿಗಳಲ್ಲಿ ಸಂಕೇತಗಳು ಕದಡಿಹೋಗುವ ಕಾರಣವನ್ನು ಶೋಧಿಸುತ್ತ, ಅವಕಲ ಸಮೀಕರಣಗಳನ್ನು ಬೀಜಗಣಿತದಂತೆ ಬಿಡಿಸುವ ವಿಧಾನವೊಂದನ್ನು ರೂಪಿಸಿದನು. ಉಪಪತ್ತಿಯಿಲ್ಲವೆಂದು ಪಂಡಿತರು ಅದನ್ನು ಶಂಕಿಸಿದರು. ಆ ವಿಧಾನವನ್ನು ಕುರಿತ ಲೇಖನಮಾಲೆಯ ಮೂರನೆಯ ಭಾಗವನ್ನು ಪ್ರಕಟಿಸಲು ರಾಯಲ್ ಸೊಸೈಟಿ ಒಪ್ಪಲಿಲ್ಲ. ಆದರೆ ಅವನ ಉತ್ತರಗಳು ಸರಿಯಾಗಿಯೇ ಬರುತ್ತಿದ್ದವು. ಅವು ಏಕೆ ಸರಿ ಎಂಬುದನ್ನು ಲಾಪ್ಲಾಸ್ ಪರಿವರ್ತನೆಯ ಮೂಲಕ ಮುಂದಿನ ತಲೆಮಾರಿನ ಗಣಿತಜ್ಞರು ಸಮರ್ಥಿಸಿ ತೋರಿದರು. ನಮ್ಮ ವಿದ್ಯಾರ್ಥಿಗಳು ಕೋಷ್ಟಕವನ್ನು ಬಾಯಿಪಾಠ ಮಾಡುವ ಆ ಅಧ್ಯಾಯವು ಪಠ್ಯಕ್ರಮವನ್ನು ಸೇರಿದುದು ಹೀಗೆ.

ಕನ್ನಡ ನಾಡು ಈ ಕಥೆಯೊಳಗೆ ಪ್ರವೇಶಿಸುವುದು ಕಾವೇರಿಯ ದಡದಲ್ಲಿ. ಪರ್ಯಾಯ ವಿದ್ಯುತ್ಪ್ರವಾಹದ ಗಣನೆಗೆ, ಋಣ ಒಂದರ ವರ್ಗಮೂಲವನ್ನೊಳಗೊಂಡ ಸಮ್ಮಿಶ್ರ ಸಂಖ್ಯೆಗಳು ಎಷ್ಟು ಅನುಕೂಲವೆಂಬುದನ್ನು ವಿದ್ಯುತ್ ಎಂಜಿನಿಯರ್ ಸ್ಟೈನ್‌ಮೆಟ್ಜ್ 1893ರಲ್ಲಿ ಷಿಕಾಗೋ ನಗರದಲ್ಲಿ ನೆರೆದ ವಿದ್ವತ್ಸಭೆಗೆ ವಿವರಿಸಿದನು. ಇದಾಗಿ ಒಂಬತ್ತೇ ವರ್ಷಗಳಲ್ಲಿ, ಆತನು ಸೇವೆಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರೋಪಕರಣಗಳು ಶಿವನಸಮುದ್ರದಲ್ಲಿ ತಿರುಗತೊಡಗಿ, 1902ರಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಕೈಗೊಂಡ ಈ ಸಾಹಸಕ್ಕೆ ನೀರು ನಮ್ಮದಾಗಿತ್ತು, ಹಣ ನಮ್ಮದಾಗಿತ್ತು. ಆದರೆ ಅದರ ಹಿಂದಿನ ವಿದ್ಯೆಯನ್ನು ಕಲಿಸುವ ಕಾಲೇಜು ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ.

ಈ ಕೊರತೆಯನ್ನು ಸ್ವಾನುಭವದಿಂದ ಬಲ್ಲವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಅವರು ಎಂಜಿನಿಯರಿಂಗ್ ಕಲಿಯಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು ಪುಣೆಗೆ ಹೋಗಬೇಕಾಯಿತು. 1883ರಲ್ಲಿ ಅಲ್ಲಿ ಉತ್ತೀರ್ಣರಾಗಿ ಬೊಂಬಾಯಿ ಪ್ರಾಂತದ ಸೇವೆಗೆ ಸೇರಿದ ಅವರು ತಾಯ್ನಾಡಿನ ಮುಖ್ಯ ಎಂಜಿನಿಯರಾಗಿ ಮರಳಿದುದು 1909ರಲ್ಲಿ. ಅವರು ದಿವಾನರಾಗಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ, 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜೂ ಆರಂಭವಾದವು. ಕನ್ನಂಬಾಡಿಯ ಅಣೆಕಟ್ಟಿನ ಕೆಲಸವು ನಡೆಯುತ್ತಿದ್ದ ಆ ದಿನಗಳಲ್ಲಿ, ನೀರಿನ ಒತ್ತಡವನ್ನೂ ಕಲ್ಲಿನ ಭಾರವನ್ನೂ ತಾವೇ ಗುಣಿಸಿ ನಿರ್ಣಯಿಸಬಲ್ಲ ನಮ್ಮ ಜನ ಬೇಕೆಂಬುದು ಕಣ್ಣೆದುರಿಗಿದ್ದ ಅವಶ್ಯಕತೆಯಾಗಿತ್ತು. ಈ ಕಾಲೇಜೇ ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿದೆ.

ಅನಂತರದ ವಿಸ್ತಾರವು ಶೀಘ್ರವಾಗಿ ನಡೆಯಿತು. 1946ರಲ್ಲಿ ಮೈಸೂರಿನಲ್ಲಿಯೂ ಬೆಂಗಳೂರಿನ ಬಸವನಗುಡಿಯಲ್ಲಿಯೂ, 1947ರಲ್ಲಿ ಹುಬ್ಬಳ್ಳಿಯಲ್ಲಿಯೂ, 1960ರಲ್ಲಿ ಸುರತ್ಕಲ್ಲಿನಲ್ಲಿಯೂ ಕಾಲೇಜುಗಳು ತಲೆಯೆತ್ತಿದವು. ಬೇರೆಬೇರೆ ವಿಶ್ವವಿದ್ಯಾನಿಲಯಗಳಿಗೆ ಸೇರಿದ್ದ ಕಾಲೇಜುಗಳಲ್ಲಿ ಬಹುಪಾಲನ್ನು 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ಒಂದೇ ಪಠ್ಯಕ್ರಮದ ಅಡಿಗೆ ತಂದಿತು. ಲಾಗ್ ಟೇಬಲ್ಲೂ ಸ್ಲೈಡ್ ರೂಲೂ ಮರೆಯಾಗಿ ಕ್ಯಾಲ್ಕುಲೇಟರೂ ಗಣಕಯಂತ್ರವೂ ಬಂದವು. ಲೆಕ್ಕದ ಶ್ರಮವನ್ನು ಯಂತ್ರವು ವಹಿಸಿಕೊಂಡ ಮೇಲೆ, ಯಾವ ಲೆಕ್ಕವನ್ನು ಮಾಡಬೇಕು, ಬಂದ ಉತ್ತರವನ್ನು ಎಷ್ಟು ನಂಬಬೇಕು ಎಂಬ ವಿವೇಕದ ಹೊಣೆಯು ಎಂಜಿನಿಯರನ ಮೇಲೆ ಮೊದಲಿಗಿಂತ ಹೆಚ್ಚಾಗಿಯೇ ಬಿದ್ದಿದೆ.

ಈ ಇತಿಹಾಸವನ್ನೆಲ್ಲ ಪರ್ಯಾಲೋಚಿಸಿದರೆ ಒಂದು ನಿರ್ಣಯವು ಸ್ಥಿರವಾಗುತ್ತದೆ. ಅಳೆಯುವವರನ್ನು ಮಾತ್ರ ಬಯಸಿದ ಕಾಲವು ಅಲ್ಪಗಣಿತದಿಂದ ತೃಪ್ತವಾಯಿತು. ತಾನೇ ಯೋಚಿಸಿ ಕಟ್ಟಬಯಸಿದ ದೇಶವು ಗಣಿತವನ್ನು ವಿದ್ಯೆಯ ಬುಡದಲ್ಲಿಟ್ಟಿತು. ವಿದ್ಯಾರ್ಥಿಗಳಿಗೆ ಅದು ಭಾರವೆಂದು ತೋರುವುದಕ್ಕೆ ಮುಖ್ಯ ಕಾರಣ, ಸೂತ್ರವನ್ನು ಅದರ ಜನ್ಮವೃತ್ತಾಂತದಿಂದ ಬೇರ್ಪಡಿಸಿ, ಪರೀಕ್ಷೆಗೆ ಬೇಕಾದಷ್ಟನ್ನೇ ನಾವು ಬೋಧಿಸುತ್ತಿರುವುದು. ಆದುದರಿಂದ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಫೂರಿಯೆ ಶ್ರೇಣಿಯನ್ನು ಹೇಳುವ ದಿನ ಶಾಖದ ಸಮಸ್ಯೆಯನ್ನೂ, ಪರಿವರ್ತನೆಗಳನ್ನು ಹೇಳುವ ದಿನ ಹೆವಿಸೈಡನ ತಂತಿಯನ್ನೂ, ಸಮ್ಮಿಶ್ರ ಸಂಖ್ಯೆಗಳನ್ನು ಹೇಳುವ ದಿನ ಶಿವನಸಮುದ್ರವನ್ನೂ ಮೊದಲು ವಿದ್ಯಾರ್ಥಿಗಳ ಮುಂದಿಡಿ, ಸೂತ್ರವನ್ನು ಆಮೇಲೆ ಬರೆಯಿರಿ.