‘ಮೂಲ’ ಮತ್ತು ‘ಒರಿಜಿನ್’: ಪ್ರಯೋಗದ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಆರಂಭವನ್ನು ಸೂಚಿಸುವ ಇಂಗ್ಲಿಷ್ ನಾಮಪದಗಳಲ್ಲಿ ‘ಒರಿಜಿನ್’ ಒಂದು. ಕನ್ನಡಿಗರು ಇಂಗ್ಲಿಷ್‌ನಲ್ಲಿ ಬರೆಯುವಾಗ ಈ ಪದದ ಬಳಕೆಯಲ್ಲಿ ಕಾಣುವ ತೊಡಕುಗಳಿಗೆ ಕನ್ನಡದ ‘ಮೂಲ’ ಪದದ ಅರ್ಥವಿಸ್ತಾರವೂ ಒಂದು ಕಾರಣವಿರಬಹುದು ಎಂಬುದಷ್ಟೇ ಇಲ್ಲಿನ ವಾದ. ಪ್ರಯೋಗಗಳ ಆವರ್ತನವನ್ನು ಎಣಿಸಿಲ್ಲ. ಕೊಟ್ಟಿರುವ ಉದಾಹರಣೆಗಳು ನಿದರ್ಶನ ಮಾತ್ರ.

2. ನಿಷ್ಪತ್ತಿ

‘ಒರಿಜಿನ್’ ಲ್ಯಾಟಿನ್ನಿನ ‘ಒರಿಗೊ’ದಿಂದ ಬಂದದ್ದು. ಅದರ ಹಿಂದಿರುವ ಧಾತುವಿನ ಅರ್ಥ ಏಳು, ಉದಿಸು. ‘ಓರಿಯೆಂಟ್’ (ಮೂಡಣ) ಪದವೂ ಅದೇ ಧಾತುವಿನದು. ಇಂಗ್ಲಿಷ್‌ನಲ್ಲಿ ಪದ ಮೊದಲು ಕಾಣಿಸಿದ್ದನ್ನು ಕೆಲವು ನಿಘಂಟುಗಳು 1400ರ ಆಸುಪಾಸು ಎಂದೂ ಕೆಲವು 15ನೆಯ ಶತಮಾನ ಎಂದೂ ಗುರುತಿಸುತ್ತವೆ. ಇವೆರಡರಲ್ಲಿ ನಿಜವಾದ ವಿರೋಧವಿರುವಂತಿಲ್ಲ. ಆರಂಭದ ಅರ್ಥಗಳಲ್ಲಿ ವಂಶ, ಕುಲ ಸೇರಿವೆ ಎಂಬುದು ಮುಂದಿನ ಚರ್ಚೆಗೆ ಉಪಯುಕ್ತ.

‘ಮೂಲ’ದ ವಾಚ್ಯಾರ್ಥ ಬೇರು. ಧಾತ್ವರ್ಥದ ದೃಷ್ಟಿಯಿಂದ ‘ಒರಿಜಿನ್’ಗೆ ಹೆಚ್ಚು ಸಮೀಪದ್ದು ‘ಉಗಮ’: ಇದು ಸಂಸ್ಕೃತದ ‘ಉದ್ಗಮ’ದ, ಅಂದರೆ ಮೇಲಕ್ಕೆ ಬರುವುದು ಎಂಬುದರ, ತದ್ಭವ. ಆದರೆ ನಿಷ್ಪತ್ತಿಯ ಸಾಮ್ಯ ಪ್ರಯೋಗದ ಸಾಮ್ಯವನ್ನು ಖಚಿತಪಡಿಸುವುದಿಲ್ಲ (ವಿಭಾಗ 6 ನೋಡಿ).

3. ‘ಮೂಲ’ದ ಹರಹು

ಕನ್ನಡದ ಒಂದೇ ಪದಕ್ಕೆ ಇಂಗ್ಲಿಷ್‌ನಲ್ಲಿ ಕನಿಷ್ಠ ನಾಲ್ಕು ಪ್ರತಿರೂಪಗಳು ಬೇಕಾಗುತ್ತವೆ:

(ಅ) ಪದದ ಮೂಲ, ಆಚರಣೆಯ ಮೂಲ: ‘ಒರಿಜಿನ್’.
(ಆ) ಸುದ್ದಿಮೂಲ, ಆದಾಯದ ಮೂಲ: ‘ಸೋರ್ಸ್’.
(ಇ) ಮೂಲ ಪ್ರತಿ, ಮೂಲ ಲೇಖಕ: ‘ಒರಿಜಿನಲ್’.
(ಈ) ಸಮಸ್ಯೆಯ ಮೂಲ: ಹಲವು ಸಂದರ್ಭಗಳಲ್ಲಿ ‘ರೂಟ್’.

(ಇ)ಗೆ ಸೇರಿದ ‘ಒರಿಜಿನಲ್’ ಕನ್ನಡದ ಆಡುಮಾತಿನಲ್ಲಿ ‘ಅಸಲಿ’ ಎಂಬ ಅರ್ಥದಲ್ಲಿ ನೆಲೆಗೊಂಡಿದೆ. ‘ಒರಿಜಿನ್’ಗೆ ಅಷ್ಟು ಬಳಕೆ ಒದಗಿದಂತೆ ಕಾಣುವುದಿಲ್ಲ. ಗಣಿತದ ‘ಒರಿಜಿನ್’ಗೆ ಮಾತ್ರ ‘ಮೂಲಬಿಂದು’ ಎಂಬ ಸ್ಥಿರ ಪರಿಭಾಷೆ ಇದ್ದು, ಅಲ್ಲಿ ಗೊಂದಲವಿಲ್ಲ.

‘ನದಿಮೂಲ, ಋಷಿಮೂಲ ಹುಡುಕಬಾರದು’ ಎಂಬ ಗಾದೆ ಈ ಹರಹಿಗೆ ಉತ್ತಮ ಸಾಕ್ಷಿ (‘ಕೇಳಬಾರದು’ ಎಂಬ ಪಾಠಾಂತರವೂ ಇದೆ). ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಇಂಗ್ಲಿಷ್‌ನಲ್ಲಿ ನದಿಯದು ಸಾಮಾನ್ಯವಾಗಿ ‘ಸೋರ್ಸ್’, ಋಷಿಯದು ‘ಒರಿಜಿನ್’ ಅಥವಾ ‘ಒರಿಜಿನ್ಸ್’. ತಲಕಾವೇರಿಯನ್ನು ಕಾವೇರಿಯ ‘ಒರಿಜಿನ್’ ಎಂದು ಬರೆಯುವುದು ಭಾರತೀಯ ಇಂಗ್ಲಿಷ್‌ನಲ್ಲಿ ರೂಢಿಯಲ್ಲಿದೆ. ಅದನ್ನು ತಪ್ಪೆನ್ನುವುದಕ್ಕಿಂತ ಪ್ರಾದೇಶಿಕ ಒಲವು ಎನ್ನುವುದು ಸರಿಯಾದೀತು.

4. ಕಾಲವಾಚಕವಲ್ಲ, ವಚನದ ಪ್ರಶ್ನೆ

‘ಒರಿಜಿನ್’ ಒಂದು ವಸ್ತು ಎಲ್ಲಿಂದ, ಯಾವುದರಿಂದ ಅಥವಾ ಹೇಗೆ ಉಂಟಾಯಿತು ಎಂಬುದನ್ನು ಹೇಳುತ್ತದೆ. ಯಾವ ಗಳಿಗೆಯಲ್ಲಿ ಶುರುವಾಯಿತು ಎಂಬುದನ್ನಲ್ಲ. ಸಭೆಗೆ, ಮಳೆಗಾಲಕ್ಕೆ, ಪುಸ್ತಕದ ಮೊದಲ ಪುಟಗಳಿಗೆ ‘ಬಿಗಿನಿಂಗ್’ ಸಲ್ಲುತ್ತದೆ. ‘ಮೊದಲಿನಿಂದಲೂ’ ಎಂಬುದು ‘ಫ್ರಮ್ ದ ಬಿಗಿನಿಂಗ್’ ಆಗುತ್ತದೆಯೇ ಹೊರತು ‘ಫ್ರಮ್ ದ ಒರಿಜಿನ್’ ಆಗುವುದಿಲ್ಲ.

ಡಾರ್ವಿನ್‌ನ ಗ್ರಂಥದ ಶೀರ್ಷಿಕೆ ಇಲ್ಲಿ ಪ್ರಸ್ತುತ. 1859ರ ನವೆಂಬರ್ 24ರಂದು ಪ್ರಕಟವಾದ ಮೊದಲ ಆವೃತ್ತಿಯ ಹೆಸರು ‘ಆನ್ ದ ಒರಿಜಿನ್ ಆಫ್ ಸ್ಪೀಶೀಸ್’ ಎಂದು ಆರಂಭವಾಗುತ್ತದೆ. 1872ರ ಆರನೆಯ ಆವೃತ್ತಿಯಲ್ಲಿ ‘ಆನ್’ ಬಿಟ್ಟುಹೋಗಿದೆ. ಆದ್ದರಿಂದ ಆವೃತ್ತಿಯನ್ನು ಹೇಳದೆ ಒಂದು ರೂಪವನ್ನು ತಪ್ಪೆನ್ನಲಾಗದು. ಎರಡರಲ್ಲೂ ‘ಒರಿಜಿನ್’ ಏಕವಚನ. ‘ಒರಿಜಿನ್ಸ್’ ಎಂಬ ಉಲ್ಲೇಖಕ್ಕೆ ಆಧಾರವಿಲ್ಲ. ಕೃತಿಯ ವಿಷಯ ಪ್ರಭೇದಗಳು ಉಂಟಾಗುವ ಬಗೆ. ಭೂಮಿಯ ಮೇಲೆ ಜೀವ ಮೊದಲು ಹುಟ್ಟಿದ ಕ್ಷಣವಲ್ಲ. ಇಲ್ಲಿ ‘ಬಿಗಿನಿಂಗ್’ ಪರ್ಯಾಯವಾಗದು.

ಬಹುವಚನ ಸಾಮಾನ್ಯವಾಗಿ ಎರಡು ಕಡೆ ಬರುತ್ತದೆ: ಹಲವು ಕಾರಣಗಳು ಕೂಡಿದಾಗ (ಯುದ್ಧದ ‘ಒರಿಜಿನ್ಸ್’), ವ್ಯಕ್ತಿಯ ಸಾಮಾಜಿಕ ಹಿನ್ನೆಲೆ ಹೇಳುವಾಗ (‘ಹಂಬಲ್ ಒರಿಜಿನ್ಸ್’).

5. ‘ಭಾರತೀಯ ಮೂಲದ’

‘ಆಫ್ ಇಂಡಿಯನ್ ಒರಿಜಿನ್’ ಎಂಬಲ್ಲಿ ನಾಮಪದದ ಹಿಂದೆ ‘ಆ್ಯನ್’ ಬರುವುದಿಲ್ಲ. ‘ಆಫ್ ಸ್ಯಾನ್‌ಸ್ಕ್ರಿಟ್ ಒರಿಜಿನ್’ ಎಂಬುದಕ್ಕೂ ಇದೇ ನಿಯಮ. ‘ಇಂಡಿಯನ್ ಒರಿಜಿನ್’ ಅನ್ನು ವಿಶೇಷಣವಾಗಿ ಹೆಸರಿನ ಮುಂದಿಡುವಾಗ ನಡುವೆ ಅಡ್ಡಗೆರೆ ಇಡುವುದು ವಾಡಿಕೆ.

ಅರ್ಥದ ದೃಷ್ಟಿಯಿಂದ ಮೂಲ, ಜನ್ಮಸ್ಥಳ, ಪೌರತ್ವ ಮೂರೂ ಬೇರೆ. 2022ರಿಂದ 2024ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ರಿಷಿ ಸುನಕ್ ಹುಟ್ಟಿದ್ದು 1980ರಲ್ಲಿ, ಸೌತಾಂಪ್ಟನ್‌ನಲ್ಲಿ. ತಂದೆತಾಯಿ ಪೂರ್ವ ಆಫ್ರಿಕಾದಿಂದ ಬಂದವರು. ಮನೆತನದ ಬೇರು ಪಂಜಾಬಿನದು. ಅವರು ‘ಆಫ್ ಇಂಡಿಯನ್ ಒರಿಜಿನ್’ ಹೌದು, ‘ಇಂಡಿಯನ್ ಬಾರ್ನ್’ ಅಲ್ಲ. ಹುಬ್ಬಳ್ಳಿಯಲ್ಲಿ ಜನಿಸಿದ ಅವರ ಪತ್ನಿ ಅಕ್ಷತಾ ಮೂರ್ತಿ ಅವರಿಗೆ ‘ಇಂಡಿಯನ್ ಬಾರ್ನ್’ ಸಲ್ಲುತ್ತದೆ.

ಆಡಳಿತ ಭಾಷೆಯಲ್ಲಿ ಈ ನುಡಿಗಟ್ಟು ಪಿಐಒ (‘ಪರ್ಸನ್ ಆಫ್ ಇಂಡಿಯನ್ ಒರಿಜಿನ್’) ಕಾರ್ಡಿನ ಹೆಸರಿನಲ್ಲಿತ್ತು. ಆ ಯೋಜನೆಯ ಆರಂಭವನ್ನು 1999 ಎಂದೂ 2002 ಎಂದೂ ಬರೆದಿರುವುದುಂಟು: ಮೊದಲನೆಯದು ಮೂಲ ಯೋಜನೆಯ ವರ್ಷ, ಎರಡನೆಯದು ಪರಿಷ್ಕೃತ ರೂಪದ್ದು. 2015ರ ಜನವರಿ 9ರಂದು ಅದನ್ನು ಒಸಿಐ (‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’) ವ್ಯವಸ್ಥೆಯೊಂದಿಗೆ ವಿಲೀನಗೊಳಿಸಲಾಯಿತು.

6. ತಾತ್ಕಾಲಿಕ ನಿರ್ಣಯ

ಒಂದು ಸರಳ ಪರೀಕ್ಷೆಯನ್ನು ಸೂಚಿಸಬಹುದು: ‘ಮೂಲ’ದ ಜಾಗದಲ್ಲಿ ‘ಹುಟ್ಟು’ ಇಟ್ಟು ನೋಡುವುದು. ‘ಪದದ ಹುಟ್ಟು’, ‘ಆಚರಣೆಯ ಹುಟ್ಟು’ ಸರಿಹೊಂದುತ್ತವೆ, ಅಲ್ಲಿ ‘ಒರಿಜಿನ್’. ‘ಆದಾಯದ ಹುಟ್ಟು’, ‘ಹುಟ್ಟು ಪ್ರತಿ’ ಹೊಂದುವುದಿಲ್ಲ. ಅಲ್ಲಿ ಬೇರೆ ಪದ.

ಪರೀಕ್ಷೆಗೆ ಎರಡು ಅಪವಾದಗಳಾದರೂ ಇವೆ. ‘ಭಾರತೀಯ ಹುಟ್ಟಿನ’ ಎಂದರೆ ಅರ್ಥ ಜನ್ಮಸ್ಥಳದ ಕಡೆ ಜಾರುತ್ತದೆ. ಇನ್ನೊಂದು, ಗಾದೆಯದೇ: ಋಷಿಯ ಹುಟ್ಟೂ ನದಿಯ ಹುಟ್ಟೂ ಕನ್ನಡದಲ್ಲಿ ಸಮನಾಗಿ ಸಲ್ಲುವುದರಿಂದ ‘ಒರಿಜಿನ್’, ‘ಸೋರ್ಸ್’ಗಳ ಭೇದ ಈ ಪರೀಕ್ಷೆಗೆ ಸಿಗುವುದಿಲ್ಲ. ನದಿಯ ಮಟ್ಟಿಗೆ ಇಂಗ್ಲಿಷ್ ರೂಢಿಯನ್ನು ಪ್ರತ್ಯೇಕವಾಗಿ ನೆನಪಿಡಬೇಕಾಗುತ್ತದೆ.