ನ್ಯೂಜಿಲೆಂಡಿನ ಕುಟುಂಬ ಸಭೆ ಮತ್ತು ಸರ್ಕಾರದ ಹಣ

ತಪ್ಪು ಮಾಡಿದ ಹುಡುಗರನ್ನು ಮನೆಯಿಂದ ಬಿಡಿಸಿ ಸರ್ಕಾರಿ ನಿಲಯಗಳಲ್ಲಿ ಇಡುವುದು ನ್ಯೂಜಿಲೆಂಡಿನಲ್ಲಿ 1980ರ ದಶಕದವರೆಗೂ ನಡೆದು ಬಂದ ರೂಢಿ. ಅಲ್ಲಿಗೆ ಸೇರುತ್ತಿದ್ದವರಲ್ಲಿ ಜನಸಂಖ್ಯೆಯ ಪ್ರಮಾಣಕ್ಕೆ ಮೀರಿ ಮೂಲನಿವಾಸಿ ಮಾವೋರಿ ಮಕ್ಕಳೇ ಇರುತ್ತಿದ್ದರು. ಮಾವೋರಿ ಹಿರಿಯ ಜಾನ್ ರಂಗಿಹಾವು ಅಧ್ಯಕ್ಷತೆಯ ಸಮಿತಿ 1986ರಲ್ಲಿ ಕೊಟ್ಟ ವರದಿ ಈ ಪದ್ಧತಿಯನ್ನು ನೇರವಾಗಿ ಟೀಕಿಸಿತು. ಮಗುವಿನ ವಿಷಯದಲ್ಲಿ ತೀರ್ಮಾನ ಮಾಡಬೇಕಾದವರು ಬಂಧುಬಳಗದವರು, ಅದಕ್ಕೆ ಬೇಕಾದ ಸಂಪನ್ಮೂಲ ಅವರ ಕೈಗೆ ಸಿಗಬೇಕು ಎಂಬುದು ಅದರ ನಿಲುವು.

1989ರ ನವೆಂಬರ್ 1ರಂದು ಜಾರಿಗೆ ಬಂದ ಮಕ್ಕಳು, ಯುವಜನರು ಮತ್ತು ಅವರ ಕುಟುಂಬಗಳ ಕಾಯ್ದೆ ಈ ಮಾತಿಗೆ ಕಾನೂನಿನ ಬಲ ಕೊಟ್ಟಿತು. ಯುವ ನ್ಯಾಯಾಲಯ ಹುಟ್ಟಿಕೊಂಡಿತು. ಮಿಕ್ ಬ್ರೌನ್ ಅದರ ಮೊದಲ ಪ್ರಧಾನ ನ್ಯಾಯಾಧೀಶರಾದರು. ಸಣ್ಣಪುಟ್ಟ ಪ್ರಕರಣಗಳನ್ನು ಪೊಲೀಸರು ಎಚ್ಚರಿಕೆ ಕೊಟ್ಟು ಮುಗಿಸುತ್ತಾರೆ. ಗಂಭೀರವಾದವು ಕುಟುಂಬ ಸಭೆಗೆ ಬರುತ್ತವೆ. ಕೊಲೆಯಂಥ ಪ್ರಕರಣಗಳು ಮಾತ್ರ ಇದರಿಂದ ಹೊರಗೆ.

ಸಭೆ ಕರೆಯುವ ಸಂಯೋಜಕರು ಸರ್ಕಾರದ ಸಂಬಳದ ನೌಕರರು. ಹುಡುಗ, ಅವನ ತಂದೆತಾಯಿ, ಅಜ್ಜಅಜ್ಜಿ, ನೊಂದವರು, ಪೊಲೀಸ್ ಅಧಿಕಾರಿ ಒಟ್ಟಿಗೆ ಕೂರುತ್ತಾರೆ. ಪೊಲೀಸರು ಘಟನೆಯ ವಿವರ ಓದುತ್ತಾರೆ. ಹುಡುಗ ಒಪ್ಪಿಕೊಂಡರೆ ನೊಂದವರು ತಮಗಾದದ್ದನ್ನು ಅವನ ಎದುರಿಗೇ ಹೇಳುತ್ತಾರೆ. ಆಮೇಲೆ ಮನೆಯವರನ್ನಷ್ಟೇ ಕೋಣೆಯಲ್ಲಿ ಬಿಟ್ಟು ಉಳಿದವರು ಹೊರಗೆ ಹೋಗುತ್ತಾರೆ. ಇಡೀ ಪದ್ಧತಿಯ ಜೀವಾಳ ಇರುವುದು ಈ ಹೊತ್ತಿನಲ್ಲಿ. ಕ್ಷಮೆ ಕೇಳುವುದು, ನಷ್ಟ ತುಂಬಿಕೊಡುವುದು, ಊರ ಕೆಲಸ ಮಾಡುವುದು, ಶಾಲೆಗೆ ಮರಳುವುದು ಎಂದು ಅವರು ಹಾಕಿದ ಯೋಜನೆಗೆ ಎಲ್ಲರ ಒಪ್ಪಿಗೆ ಬೇಕು. ತೀರಾ ಅಸಾಧ್ಯವಲ್ಲದಿದ್ದರೆ ಅಧಿಕಾರಿಗಳು ಅದನ್ನು ನಡೆಸಿಕೊಡಬೇಕು. ಅದಕ್ಕಾಗಿ ಹಣಸಹಾಯ ಮಾಡುವ ಅಧಿಕಾರವನ್ನೂ ಕಾಯ್ದೆ ಸಂಬಂಧಪಟ್ಟ ಇಲಾಖೆಗೆ ಕೊಟ್ಟಿದೆ.

ಆದರೆ ಕಾಯ್ದೆ ಬಂದ ಹೊತ್ತು ಒಳ್ಳೆಯದಾಗಿರಲಿಲ್ಲ. 1990ರ ದಶಕದ ಆರಂಭದಲ್ಲಿ ಸರ್ಕಾರ ಸಮಾಜ ಕಲ್ಯಾಣದ ವೆಚ್ಚಕ್ಕೆ ಕತ್ತರಿ ಹಾಕಿತು. ಗೇಬ್ರಿಯೆಲ್ ಮ್ಯಾಕ್ಸ್‌ವೆಲ್ ಮತ್ತು ಆ್ಯಲಿಸನ್ ಮಾರಿಸ್ 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನ್ಯಾಯಾಲಯಕ್ಕೂ ನಿಲಯಗಳಿಗೂ ಹೋಗುವ ಮಕ್ಕಳ ಸಂಖ್ಯೆ ಬಹಳ ಇಳಿದಿತ್ತು. ನೊಂದವರು ಬಂದದ್ದು ಮಾತ್ರ ಸುಮಾರು ಅರ್ಧದಷ್ಟು ಸಭೆಗಳಿಗೆ. ಹುಡುಗನ ಮುಖ ನೋಡಲು ಇಷ್ಟವಿಲ್ಲದೆ ದೂರ ಉಳಿದವರು ತೀರ ಕಡಿಮೆ. ಬಹಳ ಮಂದಿಗೆ ಕರೆಯೇ ಹೋಗಿರಲಿಲ್ಲ, ಇಲ್ಲವೇ ಸಭೆಯ ಸಮಯ ಹೊಂದಿರಲಿಲ್ಲ. ನೊಂದವರ ಮನೆಗೆ ಮೊದಲೇ ಹೋಗಿ ಮಾತಾಡಿ ದಿನ ಗೊತ್ತು ಮಾಡಲು ಸಾಕಷ್ಟು ಸಂಯೋಜಕರು, ಸಾಕಷ್ಟು ಸಮಯ ಬೇಕು. ಇವೆರಡೂ ಬಜೆಟ್ಟಿನಿಂದ ಬರಬೇಕಾದವು. ವ್ಯಸನ ಬಿಡಿಸುವ ಚಿಕಿತ್ಸೆ, ಕೆಲಸದ ತರಬೇತಿಗಳಿಗೂ ಇದೇ ಮಾತು ಸಲ್ಲುತ್ತದೆ. ನಿಲಯದ ಖರ್ಚು ಉಳಿಸಿದ ಪದ್ಧತಿಗೆ ಆ ಉಳಿತಾಯ ಪೂರ್ತಿಯಾಗಿ ಸಲ್ಲಬೇಕಿತ್ತು.

ಅಷ್ಟರಲ್ಲಿ ಇದರ ಮಾದರಿ ಆಸ್ಟ್ರೇಲಿಯಾಕ್ಕೆ ಹಬ್ಬಿತು. ಉತ್ತರ ಐರ್ಲೆಂಡ್ 2002ರ ಕಾಯ್ದೆಯ ಮೂಲಕ ಇಂಥದೇ ಯುವ ಸಭೆಗಳನ್ನು ಆರಂಭಿಸಿತು. ನ್ಯೂಜಿಲೆಂಡಿನಲ್ಲೇ 2008ರಲ್ಲಿ ಗಿಸ್ಬರ್ನ್‌ನ ಮಾವೋರಿ ಸಭಾಸ್ಥಳವೊಂದರಲ್ಲಿ ಮೊದಲ ರಂಗತಾಹಿ (ಯುವಜನರ) ನ್ಯಾಯಾಲಯ ಕುಳಿತು, ಕುಟುಂಬ ಸಭೆಯಲ್ಲಿ ಹಾಕಿಕೊಂಡ ಯೋಜನೆ ಹೇಗೆ ನಡೆಯುತ್ತಿದೆಯೆಂದು ಹಿರಿಯರ ಸಮ್ಮುಖದಲ್ಲಿ ವಿಚಾರಿಸತೊಡಗಿತು. 2019ರ ಜುಲೈ 1ರಿಂದ 17 ವರ್ಷದವರಲ್ಲಿ ಹೆಚ್ಚಿನವರೂ ಯುವ ನ್ಯಾಯದ ವ್ಯಾಪ್ತಿಗೆ ಬಂದರು.