ವಿಕಿಯಲ್ಲಿ ಕಡತಗಳೂ ಅಧಿಕಾರಗಳೂ: ರಾಮಸಮುದ್ರವೆಂಬ ಹೆಸರಿನ ನಿಮಿತ್ತ

‘ಕಡತ’ವೆಂಬ ಮಾತಿಗೆ ಕಚೇರಿಗಳಲ್ಲಿಯೂ ಗಣಕಯಂತ್ರದಲ್ಲಿಯೂ ಈಗ ಸಲ್ಲುತ್ತಿರುವ ಅರ್ಥವು ಈಚಿನದು. ಪೂರ್ವದಲ್ಲಿ ಕಡತವೆಂದರೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ ಮಡಿಕೆ ಮಡಿಕೆಯಾಗಿ ಇಡುತ್ತಿದ್ದ ಬಟ್ಟೆಯ ಪುಸ್ತಕ. ಅದರಲ್ಲಿ ಬಳಪದಿಂದ ಬರೆಯುವುದು, ಬೇಡವಾದುದನ್ನು ಒರಸಿ ಪುನಃ ಬರೆಯುವುದು ರೂಢಿಯಾಗಿತ್ತು. ಶಿಲೆಗೂ ತಾಮ್ರಕ್ಕೂ ಇಲ್ಲದ ಈ ಸೌಕರ್ಯವೇ ಕಡತದ ಗುಣವೂ ಹೌದು, ದೋಷವೂ ಹೌದು. ಒರಸಿದ ಅಕ್ಷರ ಯಾವುದು, ಒರಸಿದವರು ಯಾರು, ಎಂದು ಒರಸಿದರು ಎಂಬುದಕ್ಕೆ ಬಟ್ಟೆಯಲ್ಲಿ ಸಾಕ್ಷ್ಯವುಳಿಯದು. ಆದುದರಿಂದಲೇ ಗ್ರಾಮದ ಲೆಕ್ಕದ ಕಡತವು ಶಾನುಭೋಗನ ಕೈತಪ್ಪದಂತೆ ಇರಬೇಕಾಗಿದ್ದಿತು. ಬರೆಯುವ ಅಧಿಕಾರವನ್ನು ಒಬ್ಬನಲ್ಲಿ ನಿಲ್ಲಿಸುವುದೊಂದೇ ಆ ಕಾಲಕ್ಕೆ ತಿಳಿದಿದ್ದ ರಕ್ಷೆ.

ತಾಮ್ರಶಾಸನಗಳಾದರೋ ಅಳಿಸಲಾರದವು, ಆದರೂ ಅವು ಸಂದೇಹಕ್ಕೆ ಹೊರತಾಗಲಿಲ್ಲ. ಗಂಗರ ತಾಮ್ರಪಟಗಳು ಸಾಚಾ ಎಂದು ಬಿ. ಎಲ್. ರೈಸರೂ, ಕೃತ್ರಿಮವೆಂದು ಜೆ. ಎಫ್. ಫ್ಲೀಟರೂ ನಡೆಸಿದ ವಾದವು ಶಾಸನಾಭ್ಯಾಸಿಗಳಿಗೆ ಸುಪರಿಚಿತವಾದುದು. ಅಲ್ಲಿ ಪ್ರಶ್ನೆಯು ಬರೆಹದ ಅರ್ಥವನ್ನು ಕುರಿತುದಕ್ಕಿಂತ, ಆ ಪಟವನ್ನು ಸಂಗ್ರಹದೊಳಗೆ ಇಟ್ಟವರು ಯಾರು, ಯಾವಾಗ ಇಟ್ಟರು ಎಂಬುದನ್ನು ಕುರಿತುದಾಗಿದ್ದಿತು. ಕಡತದಂತೆ ಯಾರೂ ತಿದ್ದಬಹುದಾದ, ಆದರೆ ಒರಸಿದುದೂ ಉಳಿಯುವ ಒಂದು ಗ್ರಂಥವು ಸಾಧ್ಯವೆ ಎಂಬುದಕ್ಕೆ ಉತ್ತರವಾಗಿ ಹುಟ್ಟಿದುದು ವಿಕಿ.

ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು 1995ನೆಯ ಮಾರ್ಚ್ 25ರಂದು ತೆರೆದ ಮೊದಲ ವಿಕಿಯಲ್ಲಿ ತಿದ್ದುವುದಕ್ಕೆ ಸದಸ್ಯತ್ವವೇ ಬೇಕಿರಲಿಲ್ಲ. ಬಳಸುವವರು ಕೆಲವರು, ಪರಸ್ಪರ ಪರಿಚಿತರು. ಅಧಿಕಾರವಿಭಾಗದ ಚಿಂತೆ ಅಲ್ಲಿಗೆ ಅಷ್ಟಾಗಿ ಬರಲಿಲ್ಲ. 2001ರ ಜನವರಿ 15ರಂದು ವಿಕಿಪೀಡಿಯ ಹುಟ್ಟಿ, ಮರುವರ್ಷ ಮ್ಯಾಗ್ನಸ್ ಮ್ಯಾನ್ಸ್ಕೆ, ಲೀ ಡೇನಿಯಲ್ ಕ್ರಾಕರ್ ಎಂಬವರಿಂದ ಹೊಸ ತಂತ್ರಾಂಶ ಸಿದ್ಧವಾಗಿ, ಅದಕ್ಕೆ ಅನಂತರ ‘ಮೀಡಿಯವಿಕಿ’ ಎಂಬ ಹೆಸರು ಬಂದಿತು. ಕನ್ನಡದ ವಿಕಿಪೀಡಿಯವು 2003ರಲ್ಲಿ ಆರಂಭವಾಯಿತು. ಬರೆಹವನ್ನು ಯಾರೂ ತಿದ್ದಬಹುದೆಂಬ ತತ್ತ್ವವು ಎಲ್ಲ ಕಡೆಯೂ ಉಳಿಯಿತಾದರೂ, ಚಿತ್ರ, ಧ್ವನಿ, ಪುಸ್ತಕಗಳ ಪ್ರತಿಗಳನ್ನು ಒಳಗಿಡುವ ವಿಷಯದಲ್ಲಿ ಅದು ಪೂರ್ಣವಾಗಿ ನಡೆಯಲಿಲ್ಲ. ಮೀಡಿಯವಿಕಿಯನ್ನು ಹೊಸದಾಗಿ ಸ್ಥಾಪಿಸಿದಾಗ ಕಡತವನ್ನು ಏರಿಸುವ ದ್ವಾರವು ಮುಚ್ಚಿಯೇ ಇರುವುದು. ವ್ಯವಸ್ಥಾಪಕನು ಬೇಕೆಂದು ತೆರೆದರೆ ಮಾತ್ರ ತೆರೆಯುವುದು. ತೆರೆದಮೇಲೂ ಹೆಸರು ನೋಂದಾಯಿಸದವನಿಗೆ ಪ್ರವೇಶವಿಲ್ಲ. ಅನುಮತಿಸಿದ ಕೆಲವೇ ಜಾತಿಯ ಕಡತಗಳಿಗಲ್ಲದೆ ಬೇರೆಯವಕ್ಕೆ ಎಡೆಯಿಲ್ಲ. ಇದಕ್ಕೆ ಕಾರಣವು ಸ್ಪಷ್ಟವಾದುದು: ತಪ್ಪು ವಾಕ್ಯವು ಓದುಗನನ್ನು ಮಾತ್ರ ದಾರಿತಪ್ಪಿಸೀತು, ಚಿತ್ರದ ವೇಷದಲ್ಲಿ ಬಂದ ದುಷ್ಟ ಕಡತವು ಯಂತ್ರವನ್ನೇ ಕೆಡಿಸೀತು.

ಕನ್ನಡ ವಿಕಿಪೀಡಿಯದಲ್ಲಿ ಈ ಕಡತಗಳ ವಿಭಾಗಕ್ಕೆ ‘ಚಿತ್ರ’ವೆಂದು ಹೆಸರು. ಗಮಕದ ಧ್ವನಿಮುದ್ರಣವೂ ‘ಚಿತ್ರ’ವೇ, ಹಳೆಯ ನಿಘಂಟಿನ ಪುಟಗಳೂ ‘ಚಿತ್ರ’ವೇ! ‘ಕಡತ’ವೆಂಬ ಒಳ್ಳೆಯ ದೇಶ್ಯಪದವು ಕೈಯಲ್ಲಿದ್ದರೂ ಹೀಗಾದುದು ಶೋಚನೀಯವೆನ್ನಬೇಕು.

ಈಗ ಯಾದಗಿರಿ ಸೀಮೆಯ ರಾಮಸಮುದ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಆ ಊರಿನವನೊಬ್ಬನು ಊರ ದೇವಾಲಯದ ಛಾಯಾಚಿತ್ರವನ್ನು ‘ರಾಮಸಮುದ್ರ’ವೆಂಬ ಹೆಸರಿನಿಂದ ಏರಿಸಿದನೆನ್ನೋಣ. ಚಾಮರಾಜನಗರದ ಬಳಿ ಒಂದು ರಾಮಸಮುದ್ರವಿದೆ; ಕಾರ್ಕಳದಲ್ಲಿ ಅದೇ ಹೆಸರಿನ ಕೆರೆಯಿದೆ. ಕೆರೆಯನ್ನು ಸಮುದ್ರವೆಂದು ಕರೆದು ಅದರಿಂದ ಊರಿಗೂ ಹೆಸರಿಡುವುದು ನಾಡಿನುದ್ದಕ್ಕೂ ಕಂಡುಬರುವ ಪದ್ಧತಿಯಾದುದರಿಂದ ಇಂತಹ ಸಮಾನನಾಮಗಳಿಗೆ ಕೊರತೆಯಿಲ್ಲ. ಒಂದು ಸಂಗ್ರಹದಲ್ಲಿ ಒಂದು ಹೆಸರು ಒಂದೇ ಕಡತಕ್ಕೆ ಸಲ್ಲುವುದು. ಕಾರ್ಕಳದವನು ತನ್ನ ಕೆರೆಯ ಚಿತ್ರವನ್ನು ಅದೇ ಹೆಸರಿನಲ್ಲಿ ಏರಿಸಿದರೆ, ಯಾದಗಿರಿಯ ದೇವಾಲಯವನ್ನು ಕುರಿತ ಪ್ರತಿಯೊಂದು ಲೇಖನದಲ್ಲಿಯೂ ಒಮ್ಮೆಗೇ ಕರಾವಳಿಯ ಕೆರೆಯು ಕಾಣಿಸಿಕೊಳ್ಳುವುದು. ದುರುದ್ದೇಶವೇ ಬೇಕಿಲ್ಲ, ಹೆಸರೊಂದು ಸಾಕು.

ಇದರಿಂದಲೇ ಮೀಡಿಯವಿಕಿಯು ಏರಿಸುವ ಅಧಿಕಾರವನ್ನು ಒಂದೇ ಅಧಿಕಾರವಾಗಿ ಇಡದೆ ಒಡೆದಿದೆ. ಹೊಸ ಕಡತವನ್ನು ಇಡುವುದು ಒಂದು. ತಾನೇ ಇಟ್ಟುದರ ಮೇಲೆ ಹೊಸ ಪ್ರತಿಯನ್ನಿಡುವುದು ಇನ್ನೊಂದು. ಪರರು ಇಟ್ಟುದರ ಮೇಲೆ ಇಡುವುದು ಮತ್ತೊಂದು. ಇವುಗಳಲ್ಲದೆ ನಾಲ್ಕನೆಯದೊಂದುಂಟು. 2004ರ ಸೆಪ್ಟೆಂಬರಿನಲ್ಲಿ ಎಲ್ಲ ಭಾಷೆಗಳ ವಿಕಿಗಳಿಗೂ ಸಾಮಾನ್ಯವಾದ ‘ಕಾಮನ್ಸ್’ ಭಂಡಾರವು ಏರ್ಪಟ್ಟಿತಷ್ಟೆ. ಅಲ್ಲಿರುವ ಕಡತದ ಹೆಸರನ್ನೇ ಹೊತ್ತ ಬೇರೊಂದು ಕಡತವು ಕನ್ನಡ ವಿಕಿಯಲ್ಲಿಯೇ ಇದ್ದರೆ, ಕನ್ನಡದ ಓದುಗನಿಗೆ ಭಂಡಾರದ ಚಿತ್ರವು ಮರೆಯಾಗಿ ಸ್ಥಳೀಯವಾದುದೇ ಕಾಣುವುದು. ಹೀಗೆ ಮರೆಮಾಡುವ ಅಧಿಕಾರವನ್ನೂ ಬೇರೆಯಾಗಿಯೇ ಎಣಿಸಿದ್ದಾರೆ. ಹೆಸರನ್ನು ಬದಲಾಯಿಸುವುದಕ್ಕೆ ಕಾಮನ್ಸಿನಲ್ಲಿ ಪ್ರತ್ಯೇಕವಾದ ವರ್ಗವೊಂದಿದೆ. ಅಳಿಸುವ ಅಧಿಕಾರವು ನಿರ್ವಾಹಕರಲ್ಲಿ ಮಾತ್ರ ಇರುವುದು.

ಹೆಸರಿನಲ್ಲಿ ಜಿಲ್ಲೆಯನ್ನು ಸೇರಿಸಿದರೆ ಸಾಲದೆ ಎಂದು ಕೇಳಬಹುದು. ಈ ಸೀಮೆಯ ಮಟ್ಟಿಗೆ ಅದೂ ಸುಲಭವಲ್ಲ. 1948ರವರೆಗೆ ನಿಜಾಮನ ಆಡಳಿತದಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿ, ಗುಲ್ಬರ್ಗ ಜಿಲ್ಲೆಯ ಭಾಗವಾಗಿದ್ದ ಯಾದಗಿರಿ, ಶಹಾಪುರ, ಸುರಪುರಗಳು 2009ರ ಡಿಸೆಂಬರ್ 30ರಂದು ಬೇರೆ ಜಿಲ್ಲೆಯಾದುವು. 2014ರಲ್ಲಿ ಗುಲ್ಬರ್ಗವೆಂಬ ಹೆಸರೇ ಕಲಬುರಗಿಯಾಯಿತು. ಸುರಪುರವು ಮೆಡೋಸ್ ಟೇಲರನ ಲೇಖನಿಯಲ್ಲಿ ‘ಶೋರಾಪೂರ್’. ಉರ್ದುವಿನ ಮೂಲಕ ಇಂಗ್ಲಿಷಿಗೆ ಹೋಗಿ ಬಂದ ರೂಪಗಳು ಇನ್ನೂ ಕೆಲವು. ಕನ್ನಡಲಿಪಿಯಲ್ಲಿಯೇ ಹೆಸರಿಟ್ಟರೆ ಈ ತೊಡಕು ಬಹುಮಟ್ಟಿಗೆ ತೀರುವುದು. ಆದರೆ ಅಲ್ಲಿ ಬೇರೊಂದು ಮಿತಿಯಿದೆ. ಕಡತದ ಹೆಸರು 240 ಬೈಟುಗಳನ್ನು ಮೀರಬಾರದು. ರೋಮನ್ ಅಕ್ಷರಕ್ಕೆ ಒಂದು ಬೈಟು ಸಾಕಾದರೆ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೇಕು. ಗುಣಿತದ ಚಿಹ್ನೆಯೂ ವಿರಾಮವೂ ಬೇರೆ ಬೇರೆ ಸಂಕೇತಗಳೇ. ‘ರಾಮಸಮುದ್ರ’ ಎಂಬ ಐದಕ್ಷರದ ಹೆಸರು 9 ಸಂಕೇತಗಳಾಗಿ 27 ಬೈಟುಗಳನ್ನು ತೆಗೆದುಕೊಳ್ಳುವುದು. ಗ್ರಾಮ, ತಾಲೂಕು, ಜಿಲ್ಲೆ, ದೇವಾಲಯ, ವರ್ಷ ಇವಿಷ್ಟನ್ನು ಬರೆಯಲು ಸ್ಥಳವಿದೆ, ಆದರೆ ಧಾರಾಳವಾಗಿಲ್ಲ.

ಹೆಸರಿನ ಬಳಿಕ ಹಕ್ಕಿನ ಪ್ರಶ್ನೆ. ವಿಕಿಯಲ್ಲಿ ಅನುಮತಿಯೆಂಬ ಮಾತಿಗೆ ಎರಡು ಅರ್ಥಗಳಿದ್ದು, ಇವೆರಡನ್ನು ಒಂದೆಂದು ಭ್ರಮಿಸುವುದರಿಂದಲೇ ಬಹಳ ಕಡತಗಳು ನಷ್ಟವಾಗುತ್ತವೆ. ತಂತ್ರಾಂಶವು ಕೊಡುವ ಅನುಮತಿ ಬೇರೆ, ಕೃತಿಸ್ವಾಮ್ಯದ ಅನುಮತಿ ಬೇರೆ. ರಾಮಸಮುದ್ರದ ಮನೆಯೊಂದರಲ್ಲಿ ಹಿರಿಯರ ಭಾವಚಿತ್ರವಿದ್ದರೆ, ಪಟವು ಮನೆಯವರದೆಂಬ ಮಾತ್ರಕ್ಕೆ ಅದರ ಸ್ವಾಮ್ಯವೂ ಅವರದೇ ಎಂದಾಗದು. 1957ರ ಭಾರತೀಯ ಶಾಸನವು ಕರ್ತೃವಿನ ಮರಣಾನಂತರ 50 ವರ್ಷಗಳ ಅವಧಿಯನ್ನು ವಿಧಿಸಿತ್ತು. 1992ರ ತಿದ್ದುಪಡಿಯಿಂದ ಅದು 60 ಆಯಿತು. ಈ ಹತ್ತು ವರ್ಷಗಳ ಫಲವು ಸಾಹಿತ್ಯದ ಉಪಾಧ್ಯಾಯರಿಗೆ ಮುಖ್ಯವಾದುದು. 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರ ಕೃತಿಗಳು 1997ರಲ್ಲಿ ಸಾರ್ವಜನಿಕವಾಗಬೇಕಾದುವು 2007ರಲ್ಲಿ ಆದುವು. 1981ರಲ್ಲಿ ಅಗಲಿದ ಬೇಂದ್ರೆಯವರ ಕೃತಿಗಳಿಗೆ 2041ರ ಕೊನೆಯವರೆಗೂ ರಕ್ಷಣೆಯಿದೆ. ಕಿಟ್ಟೆಲರ 1894ರ ನಿಘಂಟನ್ನು ಏರಿಸುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಸಾರ್ವಜನಿಕ ಸ್ಥಳದಲ್ಲಿ ನೆಲೆಯಾಗಿರುವ ಶಿಲ್ಪದ ಚಿತ್ರವನ್ನು ತೆಗೆಯಲು ಶಾಸನದ 52ನೆಯ ವಿಧಿಯೇ ಅವಕಾಶ ಕೊಡುವುದಾದುದರಿಂದ ಶಿರವಾಳದ ಗುಡಿಗಳನ್ನಾಗಲಿ, ಟೇಲರನು ವರ್ಣಿಸಿದ ರಾಜನಕೋಳೂರಿನ ಕಲ್ಮನೆಗಳನ್ನಾಗಲಿ ಸ್ವತಃ ಕಂಡು ಚಿತ್ರಿಸಿದವನು ನಿರ್ಭಯವಾಗಿ ಏರಿಸಬಹುದು.

ವಿಕಿಮೀಡಿಯ ಪ್ರತಿಷ್ಠಾನವು 2007ರ ಮಾರ್ಚ್ ತಿಂಗಳಲ್ಲಿ ಮಾಡಿದ ನಿರ್ಣಯದಂತೆ ಸ್ವತಂತ್ರ ಪರವಾನಗಿಯಿಲ್ಲದ ಕಡತಗಳಿಗೆ ಸಾಮಾನ್ಯವಾಗಿ ಸ್ಥಳವಿಲ್ಲ. ವಿನಾಯಿತಿ ಬೇಕಾದರೆ ಆಯಾ ವಿಕಿಯು ತನ್ನದೇ ನಿಯಮವನ್ನು ಬರೆದುಕೊಳ್ಳಬೇಕು, ಕಾಮನ್ಸಿಗಂತೂ ವಿನಾಯಿತಿಯೇ ಇಲ್ಲ. ಸ್ವಾಮ್ಯವುಳ್ಳವರು ತಾವಾಗಿ ಬಿಟ್ಟುಕೊಟ್ಟರೆ ಮಾತು ಬೇರೆ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಹೀಗೆ ಮುಕ್ತಗೊಳಿಸಿತು. ನಿರಂಜನರ ಕೃತಿಗಳೂ ಅದೇ ವರ್ಷ ಅವರ ಮನೆಯವರ ಒಪ್ಪಿಗೆಯಿಂದ ಮುಕ್ತವಾದುವು.

ಇಷ್ಟಾದರೂ ಅಳಿಸುವ ಅಧಿಕಾರದ ವಿಷಯವೊಂದು ಉಳಿಯುತ್ತದೆ. ಕನ್ನಡ ವಿಕಿಯಲ್ಲಿ ನಿರ್ವಾಹಕರು ಬಹು ಕೆಲವರು. ಕಾಮನ್ಸಿನಲ್ಲಿ ಅನೇಕರಿದ್ದರೂ ಕನ್ನಡ ಬಲ್ಲವರು ವಿರಳ. ‘ನಮ್ಮೂರ ಗುಡಿ’ ಎಂದಷ್ಟೇ ವಿವರಣೆ ಬರೆದು, ತೆಗೆದವನ ಹೆಸರನ್ನೂ ಪರವಾನಗಿಯನ್ನೂ ನಮೂದಿಸದೆ ಬಿಟ್ಟ ಚಿತ್ರವನ್ನು ದೂರದ ನಿರ್ವಾಹಕನು ಅಳಿಸಿದರೆ ಅವನನ್ನು ದೂರುವಂತಿಲ್ಲ. ಈಗ ಹಾಗೆ ಅಳಿಸಿದ ಕಡತವು ಕಣ್ಮರೆಯಾಗುವುದೇ ಹೊರತು ನಾಶವಾಗದು. ತಕ್ಕ ಆಧಾರ ಒದಗಿಸಿದರೆ ನಿರ್ವಾಹಕನು ಮರಳಿ ಸ್ಥಾಪಿಸಬಲ್ಲನು. ಮೊದಲು ಹೀಗಿರಲಿಲ್ಲ. ಲೇಖನಗಳ ಹಿಂದಿನ ಪಾಠಗಳನ್ನು ಕಾಪಾಡುತ್ತಿದ್ದ ತಂತ್ರಾಂಶವು ಕಡತಗಳನ್ನು ಮಾತ್ರ ಬಟ್ಟೆಯ ಕಡತದಂತೆಯೇ ಒರಸಿಬಿಡುತ್ತಿತ್ತು. 2006ರ ಜೂನ್ ತಿಂಗಳಲ್ಲಿ ಮರುಸ್ಥಾಪನೆಯ ವ್ಯವಸ್ಥೆಯು ಬಂದಿತು. ಅದಕ್ಕೆ ಮುಂಚೆ ಅಳಿಸಿದ ಚಿತ್ರಗಳ ಹೆಸರುಗಳೂ ಅಳಿಸಿದವರ ಹೆಸರುಗಳೂ ದಾಖಲೆಯಲ್ಲಿ ಸಿಕ್ಕಬಹುದಾದರೂ, ಚಿತ್ರಗಳು ದೊರೆಯವು.